ಆಡಿದರೆ ಆಡಿಕೊಂಡಾರು

(ದೊಡ್ಡವರಿಗಾಗಿ ಆಟ ಕಟ್ಟುವ ಕೆಲಸದ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಸ್ಲೈಡುಗಳನ್ನು ತಂದಿಲ್ಲ, ಅದರ ಬದಲು ಈ ಫೋನು ತಂದಿದ್ದೇನೆ. ಹಿಂದಿನ ಸಾಲಿನವರಿಗೆ ಕಾಣಲೆಂದು ಎತ್ತಿ ತೋರಿಸುತ್ತೇನೆ. ಬೆರಳು ತೂರಿಸಿ ತಿರುಗಿಸುವ ಡಯಲ್ ಇರುವ ಕಪ್ಪು ಫೋನು. ರಿಸೀವರ್ ಒಂದನ್ನೇ ಎತ್ತಿದರೂ ಕೈಗೆ ಭಾರ ಗೊತ್ತಾಗುತ್ತದೆ. ಇದರ ತಂತಿ ಎಲ್ಲಿಗೂ ಹೋಗುವುದಿಲ್ಲ. ಹೊಟ್ಟೆಯೊಳಗಿದ್ದುದನ್ನೆಲ್ಲ ತೆಗೆದು ಬೆಂಕಿಪೊಟ್ಟಣದಷ್ಟಗಲದ ಸರ್ಕ್ಯೂಟ್ ಬೋರ್ಡು, ಒಂದು ಮೆಮೊರಿ ಕಾರ್ಡು, ಒಂದು ಬ್ಯಾಟರಿ ಕೂರಿಸಿದ್ದೇವೆ. ಗಂಟೆಯ ಬಟ್ಟಲುಗಳನ್ನು ಮಾತ್ರ ಮುಟ್ಟಲಿಲ್ಲ. ಸ್ಪೀಕರಿನಿಂದ ಬರುವ ಗಂಟೆಗೂ ಲೋಹಕ್ಕೆ ಲೋಹ ಬಡಿದು ಬರುವ ಗಂಟೆಗೂ ಇರುವ ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತು.

ಆಟ ಇಷ್ಟೇ: ರಿಸೀವರ್ ಎತ್ತಿದರೆ ನಿಮಗಿಂತ ಮುಂಚೆ ಎತ್ತಿದವರು ಬಿಟ್ಟುಹೋದ ಒಂದು ಪ್ರಶ್ನೆ ಕೇಳಿಸುತ್ತದೆ. ಉತ್ತರ ಹೇಳಬೇಕು, ಮುಂದೆ ಬರುವವರಿಗೆ ನಿಮ್ಮದೊಂದು ಪ್ರಶ್ನೆ ಬಿಟ್ಟು ಇಡಬೇಕು. ಗೆಲುವಿಲ್ಲ, ಸೋಲಿಲ್ಲ.

ಮೊದಲ ಸಲ ಇದನ್ನು ಒಂದು ಕಚೇರಿ ಕಟ್ಟಡದ ಮೊಗಸಾಲೆಯಲ್ಲಿ ಇಟ್ಟಾಗ ಪಕ್ಕದಲ್ಲಿ ಚೆಂದದ ಬೋರ್ಡು ನಿಲ್ಲಿಸಿದ್ದೆವು: ‘ಎತ್ತಿ, ಆಡಿ!’ ಎರಡು ದಿನ ಕಂಬದ ಮರೆಯಲ್ಲಿ ಕೂತು ನೋಡಿದೆ. ಅಪ್ಪನ ಕೈ ಹಿಡಿದು ಬಂದ ಒಬ್ಬ ಹುಡುಗಿ ಎತ್ತಿದಳು. ದೀಪ ರಿಪೇರಿಗೆ ಬಂದವರೊಬ್ಬರು ಎತ್ತಿ, ಒಳಗೆ ಏನಿದೆ ಅಂತ ಅಲುಗಾಡಿಸಿ ನೋಡಿದರು. ಉಳಿದವರು ಬೋರ್ಡು ಓದಿದರು, ಮುಗುಳ್ನಕ್ಕರು, ಕೆಲವರು ಫೋಟೋ ತೆಗೆದುಕೊಂಡರು, ಲಿಫ್ಟಿನ ಕಡೆ ನಡೆದರು. ತಯಾರಿಸಲು ನಮಗೆ ಮೂರು ತಿಂಗಳು ಹಿಡಿದಿತ್ತು ಅನ್ನುವುದನ್ನು ಇಲ್ಲಿ ಸೇರಿಸುತ್ತೇನೆ, ನಿಮ್ಮ ಅನುಕಂಪ ಇರಲಿ ಅಂತ.

ಮೂರನೇ ದಿನ ಬೋರ್ಡು ತೆಗೆದೆವು. ಯಾರಾದರೂ ಹತ್ತಿರ ಬಂದು ಒಂದೆರಡು ಕ್ಷಣ ನಿಂತರೆ ಫೋನು ತಾನೇ ರಿಂಗಾಗುವ ಹಾಗೆ ಒಂದು ಸೆನ್ಸರ್ ಸೇರಿಸಿದೆವು. ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಲಿಫ್ಟಿಗೆ ಕಾಯುತ್ತಿದ್ದರು, ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಫೋನು ರಿಂಗಾಯಿತು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮತ್ತೆ ರಿಂಗಾಯಿತು. ‘ಯಾರೂ ಎತ್ತುತ್ತಿಲ್ಲವಲ್ಲ’ ಎಂದು ತಮಗೇ ಕೇಳಿಸುವಷ್ಟು ಮೆಲ್ಲಗೆ ಗೊಣಗಿ, ನಾಲ್ಕನೇ ಗಂಟೆಗೆ ಎತ್ತಿದರು. ಆಮೇಲೆ ಅವರ ಮುಖ ನೋಡಬೇಕಿತ್ತು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅವರು ಬ್ಯಾಗನ್ನು ಕಾಲ ಬಳಿ ಇಳಿಸಿ ಮಾತಾಡುತ್ತಲೇ ಇದ್ದರು.

ಬೋರ್ಡು ಅವರಿಗೆ ‘ಆಡು’ ಅಂದಿತ್ತು, ಅವರು ಆಡಲಿಲ್ಲ. ಗಂಟೆ ಆಡು ಅನ್ನಲಿಲ್ಲ, ರಿಂಗಾಗುತ್ತಿರುವ ಫೋನನ್ನು ಎತ್ತುವ ಜವಾಬ್ದಾರಿ ಹೊರಿಸಿತು, ಅಷ್ಟೇ. ಜವಾಬ್ದಾರಿಯನ್ನು ಯಾರೂ ಆಡಿಕೊಂಡು ನಗುವುದಿಲ್ಲ. ನನ್ನ ಇವತ್ತಿನ ಮಾತು ಪೂರ್ತಿ ಈ ಗಂಟೆಯ ಸುತ್ತ. ದೊಡ್ಡವರಿಗೆ ಆಟ ಕಟ್ಟುವವರು ಮೊದಲು ಕಟ್ಟಬೇಕಾದ್ದು ನೆಪ. ಆಟ ಆಮೇಲೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತಿದೆ. ‘ಆಡು’ ಅನ್ನುವ ಒಂದೇ ಧಾತುವಿನಿಂದ ಆಟವೂ ಬರುತ್ತದೆ, ಮಾತಾಡುವುದೂ ಬರುತ್ತದೆ, ಬೆನ್ನ ಹಿಂದಿನ ‘ಆಡಿಕೊಳ್ಳುವುದೂ’ ಬರುತ್ತದೆ. ಮಕ್ಕಳು ಆಡಿದರೆ ಆಟ, ದೊಡ್ಡವರು ಆಡಿದರೆ ‘ಹುಡುಗಾಟ’. ಹುಡುಗಾಟ ಅನ್ನುವುದನ್ನು ಹೊಗಳಿಕೆಯಾಗಿ ಯಾರಾದರೂ ಬಳಸಿದ್ದನ್ನು ಕೇಳಿದ್ದೀರಾ?

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಮರದ ಕುದುರೆಗಳು ಸುತ್ತುವ ಮೆರ್ರಿ-ಗೋ-ರೌಂಡನ್ನು ಕೂಲಂಕಷವಾಗಿ ನೋಡಿ ಬರೆದರು. ಮೂರು-ನಾಲ್ಕು ವರ್ಷದ ಮಗು ಕುದುರೆ ಏರಿದರೆ ಅದು ಪೂರ್ತಿ ಸವಾರನೇ, ಅದರಲ್ಲಿ ತಮಾಷೆಯಿಲ್ಲ. ಐದು ದಾಟಿದ ಮೇಲೆ ಚೇಷ್ಟೆ ಶುರು: ‘ನಾನು ಬರೀ ಕುದುರೆ ಸವಾರ ಅಂತ ತಿಳಿಯಬೇಡಿ’ ಎಂದು ನೋಡುವವರಿಗೆ ತೋರಿಸಿಕೊಳ್ಳಬೇಕು. ಇನ್ನೂ ದೊಡ್ಡವರಾದಂತೆ ಆ ಅಂತರ ಹೆಚ್ಚುತ್ತ ಹೋಗುತ್ತದೆ. ಅಪ್ಪ-ಅಮ್ಮ ಹತ್ತಿದರೆ ಮಗುವನ್ನು ಹಿಡಿದುಕೊಳ್ಳುವವರಾಗಿ ಹತ್ತುತ್ತಾರೆ. ಕುದುರೆ ಅದೇ, ಸುತ್ತು ಅದೇ. ‘ಮಗುವಿಗೋಸ್ಕರ’ ಅನ್ನುವ ಒಂದು ಮಾತು ಸಿಕ್ಕಿದ್ದರಿಂದ ಹತ್ತಿದ್ದಾರೆ. ಗಾಫ್‌ಮನ್ ಹಾಕಿದ ದಾರಿಯಲ್ಲೇ ಮುಂದೆ ಹೋದ ಆಟ ಸಂಶೋಧಕ ಸೆಬಾಸ್ಟಿಯನ್ ಡೆಟರ್ಡಿಂಗ್ ದೊಡ್ಡವರ ಆಟಕ್ಕೆ ಬೇಕಾದ ಈ ಊರುಗೋಲನ್ನು ‘ಅಲಿಬಿ’ ಎಂದು ಕರೆದರು. ಪೊಲೀಸರ ಮುಂದೆ ಹೇಳುತ್ತಾರಲ್ಲ, ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ ಅಂತ, ಅದೇ ಪದ. ನನಗೆ ನೆಪ ಅನ್ನುವುದು ಸಾಕು.

ನೆಪ ಬಗೆಬಗೆಯದು. ಆರೋಗ್ಯಕ್ಕಾಗಿ, ಕಂಪನಿಯವರು ಕಳಿಸಿದರು, ಗೆಳೆಯ ಎಳೆದುಕೊಂಡು ಬಂದ, ಕಲೆ ನೋಡಲು ಬಂದೆ, ಕುತೂಹಲಕ್ಕೆ ಮುಟ್ಟಿದೆ. ಎಲ್ಲಕ್ಕಿಂತ ಗಟ್ಟಿಯಾದ ನೆಪ ಒಂದಿದೆ: ‘ಅವರೂ ಮಾಡುತ್ತಿದ್ದಾರಲ್ಲ’. ಸಂಶೋಧಕರಾದ ಹ್ಯಾರಿ ಬ್ರಿಗ್ನಲ್ ಮತ್ತು ಇವೊನ್ ರೋಜರ್ಸ್ 2003ರಲ್ಲಿ ಜನ ಸೇರುವ ಕಡೆ ದೊಡ್ಡ ಕಂಪ್ಯೂಟರ್ ಪರದೆಯಿಟ್ಟು ಗಮನಿಸಿದಾಗ ಕಂಡದ್ದು ಇದೇ. ಪರದೆಯ ಬಳಿ ಯಾರೂ ಇಲ್ಲದಿದ್ದರೆ ಯಾರೂ ಹೋಗುವುದಿಲ್ಲ, ಇಬ್ಬರು ನಿಂತರೆ ಹತ್ತು ಜನ ಸೇರುತ್ತಾರೆ. ಜೇನಿನ ಮಡಕೆಗೆ ಹೋಲಿಸಿ ಅದಕ್ಕೊಂದು ಹೆಸರೂ ಇಟ್ಟರು. ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರು ಗುರುತಿಸಿದ ಮೂರು ವಲಯಗಳು. ದೂರದಲ್ಲಿ ಅಲ್ಲೇನೋ ಇದೆ ಅನ್ನುವವರು, ನಿಂತು ನೋಡಿ ಮಾತಾಡುವವರು, ಕೈಹಾಕಿದವರು. ಒಂದರಿಂದ ಇನ್ನೊಂದಕ್ಕೆ ಹೋಗುವ ಹೊಸ್ತಿಲಲ್ಲಿ ಕಾಲು ತೊಡರುವುದು ಸಂಕೋಚಕ್ಕೆ. ಹಾಗಾಗಿ ಎರಡನೇ ವಲಯದಲ್ಲಿ ಆರಾಮಾಗಿ ನಿಲ್ಲಲು ಜಾಗ ಬೇಕು. ನಾವು ಫೋನಿನ ಎದುರು ಒಂದು ಬೆಂಚು ಹಾಕಿದೆವು. ಕೂತವರೆಲ್ಲ ಕಾಯುತ್ತಿರುವವರಂತೆ ಕಾಣುತ್ತಿದ್ದರು. ನಿಜಕ್ಕೂ ಅವರು ಬೇರೆಯವರು ಎತ್ತುವುದನ್ನು ನೋಡಿ, ತಾವು ಏನು ಹೇಳಬಹುದು ಅಂತ ಒಳಗೊಳಗೇ ತಾಲೀಮು ಮಾಡುತ್ತಿದ್ದರು.

ಇಷ್ಟಕ್ಕೆಲ್ಲ ಕಂಪ್ಯೂಟರ್ ಯಾಕೆ ಬೇಕು? ನ್ಯಾಯವಾದ ಪ್ರಶ್ನೆ. ಎಷ್ಟೋ ಸಲ ಬೇಡ. ಚೀಟಿ, ಸೀಮೆಸುಣ್ಣ, ಹಗ್ಗದಲ್ಲಿ ಆಗುವ ಕೆಲಸಕ್ಕೆ ಆಪ್ ಮಾಡಿದವರನ್ನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ವಸ್ತುವಿಗೆ ತೂಕವಿದೆ, ತಣ್ಣಗೆ ಬೆಚ್ಚಗೆ ಇದೆ, ಬಿದ್ದರೆ ಒಡೆಯುವ ಭಯವಿದೆ. ಡಿಜಿಟಲ್‌ಗೆ ಅದ್ಯಾವುದೂ ಇಲ್ಲ. ಆದರೆ ಅದಕ್ಕೆ ನೆನಪಿದೆ. ಬೆಳಿಗ್ಗೆ ಬಂದವರನ್ನೂ ಸಂಜೆ ಬಂದವರನ್ನೂ ಮುಖಾಮುಖಿ ಮಾಡದೆ ಜೊತೆಗೆ ಆಡಿಸಬಲ್ಲದು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದರ ಎರಡು ಒಳ್ಳೆಯ ಉದಾಹರಣೆಗಳಿವೆ. 2013ರಲ್ಲಿ ಪ್ಯಾನ್ ಸ್ಟುಡಿಯೋದವರು ಮಾಡಿದ ‘ಹಲೋ ಲ್ಯಾಂಪ್ ಪೋಸ್ಟ್’ನಲ್ಲಿ ದೀಪದ ಕಂಬಕ್ಕೋ ಅಂಚೆ ಡಬ್ಬಿಗೋ ಮೆಸೇಜ್ ಕಳಿಸಿದರೆ ಅದು ತಿರುಗಿ ಏನಾದರೂ ಕೇಳುತ್ತಿತ್ತು, ಹಿಂದಿನವರು ಹೇಳಿದ್ದನ್ನು ನಿಮ್ಮ ಕಿವಿಗೂ ಹಾಕುತ್ತಿತ್ತು. ಚಮತ್ಕಾರ ಏನೆಂದರೆ ಹೊಸದಾಗಿ ಅವರು ಕಂಬಕ್ಕೆ ಏನನ್ನೂ ಜೋಡಿಸಲಿಲ್ಲ. ರಿಪೇರಿಯವರಿಗೆಂದು ಕಂಬಗಳ ಮೇಲೆ ಮೊದಲೇ ಬರೆದಿದ್ದ ಗುರುತಿನ ಸಂಖ್ಯೆಗಳನ್ನೇ ಕಂಬದ ಹೆಸರಾಗಿ ಬಳಸಿಕೊಂಡರು. ವರ್ಷಗಟ್ಟಲೆ ಕಣ್ಣೆದುರಿದ್ದೂ ಯಾರೂ ಓದದ ಸಂಖ್ಯೆ ಒಮ್ಮೆಗೇ ವಿಳಾಸವಾಯಿತು. ಬೀದಿಯಲ್ಲಿ ನಿಂತು ಮೆಸೇಜ್ ಮಾಡುವವರನ್ನು ಯಾರೂ ತಿರುಗಿ ನೋಡುವುದಿಲ್ಲ, ಕಂಬದ ಜೊತೆ ಹರಟುತ್ತಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೆಪ ಅಂಗೈಯಲ್ಲೇ ಇತ್ತು. ಮರುವರ್ಷ ಅದೇ ಊರಿನಲ್ಲಿ ಜೊನಾಥನ್ ಚೊಮ್ಕೊ ಮತ್ತು ಮ್ಯಾಥ್ಯೂ ರೋಸಿಯರ್ ದೀಪದ ಕಂಬಗಳಿಗೆ ನೆರಳಿನ ನೆನಪು ಕೊಟ್ಟರು. ನೀವು ನಡೆದು ಹೋಗುವಾಗ ಬಿದ್ದ ನೆರಳನ್ನು ಕಂಬ ಹಿಡಿದಿಟ್ಟು, ಮುಂದೆ ಬಂದವರ ಕಾಲ ಬಳಿ ಮತ್ತೆ ಚೆಲ್ಲುತ್ತಿತ್ತು. ಗೊತ್ತಾದವರು ವಾಪಸು ಬಂದು ಬೇಕೆಂದೇ ನೆರಳು ಬಿಟ್ಟು ಹೋದರಂತೆ ಅಂದರೆ ನಂಬುವುದು ಕಷ್ಟವಲ್ಲ. ನಾನಾಗಿದ್ದರೆ ಕುಣಿದೇ ಬಿಡುತ್ತಿದ್ದೆ, ನೆರಳಿಗೆ ಮುಖವಿಲ್ಲವಲ್ಲ.

ಇನ್ನು ಪರದೆಯ ವಿಷಯ. ನನ್ನ ತಕರಾರು ಹಳೆಯದು: ಪರದೆ ಕಣ್ಣನ್ನು ಕದಿಯುತ್ತದೆ. ಎದುರಿಗೆ ಮನುಷ್ಯರಿದ್ದಾಗ ಕಣ್ಣು ಮನುಷ್ಯರ ಮೇಲಿರಬೇಕು. ಇದನ್ನು ನನಗೆ ಕಲಿಸಿದ್ದು ಡಗ್ಲಸ್ ವಿಲ್ಸನ್ ಮತ್ತು ಗೆಳೆಯರ ‘ಜೊಹಾನ್ ಸೆಬಾಸ್ಟಿಯನ್ ಜೌಸ್ಟ್’ ಅನ್ನುವ ಆಟ. ಪ್ಲೇಸ್ಟೇಷನ್ ಎಂಬ ವಿಡಿಯೋ ಗೇಮ್ ಯಂತ್ರದ ಮೂವ್ ಅನ್ನುವ ಕಂಟ್ರೋಲರ್, ತುದಿಯಲ್ಲಿ ಬಣ್ಣದ ದೀಪದ ಉಂಡೆ, ಅದನ್ನು ಒಬ್ಬೊಬ್ಬರೂ ಹಿಡಿದು ನಿಲ್ಲುತ್ತಾರೆ. ಟಿವಿಯಲ್ಲಿ ನೋಡಲು ಏನೂ ಇಲ್ಲ. ಜರ್ಮನಿಯ ಹಳೆಯ ಸಂಗೀತಗಾರ ಬಾಖ್‌ನ ಸಂಗೀತ ನಿಧಾನವಾಗಿ ಕೇಳುತ್ತಿರುತ್ತದೆ. ಸಂಗೀತ ನಿಧಾನವಿದ್ದಾಗ ಕಂಟ್ರೋಲರ್ ಚೂರು ಅಲುಗಿದರೂ ನೀವು ಔಟ್. ಸಂಗೀತ ಓಡಿದಾಗ ನೀವೂ ಸ್ವಲ್ಪ ಓಡಬಹುದು. ನಿಮ್ಮದನ್ನು ಅಲುಗಿಸದೆ ಬೇರೆಯವರದನ್ನು ಅಲುಗಿಸಬೇಕು, ಅಷ್ಟೇ.

ಆಡುವವರನ್ನು ನೋಡಿ. ತುಂಬಿದ ಕೊಡ ಹೊತ್ತವರ ಹಾಗೆ ಒಂದು ಕೈಯನ್ನು ಜೋಪಾನ ಮಾಡುತ್ತ, ಇನ್ನೊಂದು ಕೈಯನ್ನು ಹಾವಿನ ಹೆಡೆಯಂತೆ ಆಡಿಸುತ್ತ, ಸುತ್ತ ಸುತ್ತ ಬರುತ್ತಾರೆ. ತಳ್ಳಬಹುದಾ? ಗೋಡೆಯ ಹಿಂದೆ ಅಡಗಬಹುದಾ? ಚಪ್ಪಲಿ ಎಸೆಯಬಹುದಾ? ಯಂತ್ರಕ್ಕೆ ಅದ್ಯಾವುದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅಲುಗಾಟ ಒಂದೇ. ಉಳಿದದ್ದನ್ನು ಆಡುವವರೇ ಮಾತಾಡಿಕೊಂಡು ತೀರ್ಮಾನಿಸಬೇಕು. ಕಂಪ್ಯೂಟರ್ ಎಲ್ಲ ನಿಯಮವನ್ನೂ ಕಾಯಬೇಕು ಅಂತ ನಾವು ಎಂಜಿನಿಯರುಗಳು ಹಟ ಹಿಡಿಯುತ್ತೇವೆ. ಅರ್ಧ ನಿಯಮ ಕಾದರೆ ಸಾಕು, ಇನ್ನರ್ಧಕ್ಕೆ ಜಗಳವಾಡಲಿ. ಜಗಳವೂ ಆಟದ ಪಾಲೇ.

ಯಂತ್ರಕ್ಕೆ ಗೊತ್ತಿಲ್ಲದ್ದರಲ್ಲೇ ಆಟ ಹುಟ್ಟುವುದಕ್ಕೆ ಇನ್ನೊಂದು ಕಥೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಲೆಕ್ಕ ನೂರು ಮೀಟರಿನಷ್ಟು ತಪ್ಪಬಹುದಿತ್ತು. ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟಿನಲ್ಲಿ ಸಣ್ಣಪುಟ್ಟ ಸಾಮಾನು, ಒಂದು ನೋಟ್‌ಬುಕ್ ಇಟ್ಟು ಕಾಡಿನಲ್ಲಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟುಹೋಗಿ. ಜಿಯೋಕ್ಯಾಶಿಂಗ್ ಅನ್ನುವ ಆಟ ಶುರುವಾದದ್ದು ಹೀಗೆ. ಆಕಾಶದ ಉಪಗ್ರಹಗಳು ನಿಮ್ಮನ್ನು ಹತ್ತು ಹೆಜ್ಜೆ ದೂರಕ್ಕೆ ತಂದು ನಿಲ್ಲಿಸುತ್ತವೆ. ಅಲ್ಲಿಂದ ಮುಂದೆ ಅವು ಕೈಚೆಲ್ಲುತ್ತವೆ. ಬೇರಿನ ಸಂದಿಗೆ ಕೈ ಹಾಕುವುದು, ಕಲ್ಲು ಹೊರಳಿಸುವುದು, ಯಾರಾದರೂ ಬಂದರೆ ಬೂಟಿನ ದಾರ ಕಟ್ಟುವವರಂತೆ ಬಗ್ಗುವುದು, ಎಲ್ಲ ನಿಮ್ಮ ಪಾಲಿಗೆ. ಜಿಪಿಎಸ್ ಅಂಗುಲದ ಲೆಕ್ಕದಲ್ಲಿ ಸರಿಯಾಗಿದ್ದಿದ್ದರೆ ಅದು ಬರೀ ಪಾರ್ಸೆಲ್ ತರುವ ಕೆಲಸವಾಗುತ್ತಿತ್ತು.

ಬ್ರಿಟನ್ನಿನ ಬ್ಲಾಸ್ಟ್ ಥಿಯರಿ ಎಂಬ ಕಲಾವಿದರ ತಂಡ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ 2001ರಲ್ಲಿ ಶೆಫೀಲ್ಡ್‌ನಲ್ಲಿ ಆಡಿಸಿದ ‘ಕ್ಯಾನ್ ಯು ಸೀ ಮಿ ನೌ?’ ಇದೇ ಸಂದಿನಲ್ಲಿ ಬೆಳೆದದ್ದು. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರು ನಗರದ ನಕ್ಷೆಯ ಮೇಲೆ ಓಡುತ್ತಾರೆ. ನಿಜವಾದ ಬೀದಿಗಳಲ್ಲಿ ತಂಡದವರು ಏದುಸಿರು ಬಿಡುತ್ತ ಅವರನ್ನು ಬೆನ್ನಟ್ಟುತ್ತಾರೆ. ಏದುಸಿರು ಮನೆಯಲ್ಲಿ ಕೂತವರಿಗೂ ಕೇಳಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಡವರಿಸುವ ಜಾಗಗಳನ್ನು ಓಡುವವರು ಬಾಯಿಪಾಠ ಮಾಡಿಕೊಂಡರು. ಅಲ್ಲಿ ಮರೆಯಾಗಿದ್ದು ತಟ್ಟನೆ ಎರಗಿದರು. ತಂತ್ರಜ್ಞಾನದ ದೋಷ ಅವರಿಗೆ ಪೊದೆಯಾಯಿತು.

ಆದರೆ ಆ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಶುರುವಿನಲ್ಲೇ ಆಡುವವರಿಗೆ ಒಂದು ಪ್ರಶ್ನೆ: ಬಹಳ ದಿನದಿಂದ ನೋಡದಿದ್ದರೂ ನೀವು ಈಗಲೂ ನೆನೆಯುವವರು ಯಾರಾದರೂ ಇದ್ದಾರಾ? ಒಂದು ಹೆಸರು ಕೊಡುತ್ತೀರಿ. ಅದನ್ನು ಮರೆತು ಆಟದಲ್ಲಿ ಮುಳುಗುತ್ತೀರಿ. ಓಡುವವರು ನಿಮ್ಮನ್ನು ಹಿಡಿದಾಗ ನಿಮ್ಮ ಕಿವಿಗೆ ಬೀಳುವುದು ಆ ಹೆಸರು. ನಿಮ್ಮನ್ನು ‘ಕಂಡ’ ಜಾಗದ ಫೋಟೋ ಕೂಡ ತೆಗೆಯುತ್ತಾರೆ. ಅದರಲ್ಲಿ ನೀವಿರುವುದಿಲ್ಲ, ಖಾಲಿ ರಸ್ತೆ ಇರುತ್ತದೆ. ಓಡಿ ಹಿಡಿಯುವ ಆಟದ ನೆಪದಲ್ಲಿ ಇಂಥದ್ದೊಂದನ್ನು ಒಳಗೆ ಇಟ್ಟಿದ್ದಾರಲ್ಲ. ನೆಪ ಅಂದರೆ ಮೇಲುಮೇಲಿನ ಮಾತು ಅಂದುಕೊಂಡಿದ್ದ ನಾನು, ನಮ್ಮ ಫೋನಿನ ಪ್ರಶ್ನೆಗಳನ್ನು ಮತ್ತೆ ಬರೆಯಲು ಕೂತದ್ದು ಇದನ್ನು ತಿಳಿದ ಮೇಲೆ.

ಎಲ್ಲ ದೋಷವೂ ಪೊದೆಯಾಗುವುದಿಲ್ಲ ಅನ್ನಿ. ನಮ್ಮ ಫೋನಿನಲ್ಲಿ ಎರಡು ದೋಷಗಳಿದ್ದವು, ಎರಡೂ ಆಟವನ್ನು ಕೊಂದವು. ಮೊದಲನೆಯದು ರಿಸೀವರ್ ಕೂರುವ ತೊಟ್ಟಿಲಿನ ಸ್ವಿಚ್ಚು. ಎತ್ತಿದಾಗ ಲೋಹದ ತುದಿಗಳು ಒಮ್ಮೆಗೇ ಕೂಡುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಮನುಷ್ಯರಿಗೆ ಅದು ಒಂದೇ ಸಲ ಎತ್ತಿದ್ದು. ಬೋರ್ಡಿಗೆ ಎತ್ತಿದರು-ಇಟ್ಟರು-ಎತ್ತಿದರು-ಇಟ್ಟರು. ಪ್ರಶ್ನೆ ಶುರುವಾಗುವ ಮೊದಲೇ ಅದು ಮುಂದಿನ ಪ್ರಶ್ನೆಗೆ ಹಾರುತ್ತಿತ್ತು. ಸ್ವಿಚ್ಚು ಮೊದಲ ಸಲ ಬದಲಾದ ಮೇಲೆ ಐವತ್ತು ಮಿಲಿಸೆಕೆಂಡು ಸುಮ್ಮನಿದ್ದು ಆಮೇಲೆ ನಂಬು ಅಂತ ಹೇಳಿಕೊಟ್ಟೆವು, ಸರಿಯಾಯಿತು.

ಎರಡನೆಯದು ಇನ್ನೂ ಕೆಟ್ಟದ್ದು. ಕಾರ್ಡಿನಿಂದ ದನಿ ಹುಡುಕಿ ತೆಗೆಯಲು ಎರಡು ಸೆಕೆಂಡು ಹಿಡಿಯುತ್ತಿತ್ತು. ಎತ್ತಿದವರು ‘ಹಲೋ? ಹಲೋ?’ ಅಂದು ಪೆಚ್ಚಾಗಿ ಇಟ್ಟುಬಿಡುತ್ತಿದ್ದರು. ಹತ್ತು ಜನರ ಮುಂದೆ ಸತ್ತ ಫೋನಿಗೆ ಹಲೋ ಅಂದವರು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಕೈ ಮಾಡಿದ್ದಕ್ಕೆ ವಸ್ತು ಮರುನುಡಿಯಲು ಸೆಕೆಂಡಿನ ಹತ್ತನೇ ಒಂದು ಭಾಗದೊಳಗಾದರೆ ತಕ್ಷಣ ಆಯಿತು ಅನಿಸುತ್ತದೆ, ಇದು ಈ ಕಸುಬಿನ ಹಳೇ ಲೆಕ್ಕ. ಕಾರ್ಡನ್ನು ಅಷ್ಟು ಚುರುಕು ಮಾಡುವುದು ನಮ್ಮಿಂದ ಆಗಲಿಲ್ಲ. ಅದರ ಬದಲು ಎತ್ತಿದ ಕೂಡಲೇ ದೂರದ ಲೈನಿನ ‘ಸ್ಸ್’ ಸದ್ದು, ಒಂದು ಸಣ್ಣ ‘ಟಕ್’, ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸುವ ಹಾಗೆ ಮಾಡಿದೆವು. ಆ ಎರಡು ಸೆಕೆಂಡು ಈಗ ಆಟದ ಅತ್ಯುತ್ತಮ ಎರಡು ಸೆಕೆಂಡು. ಮಾತು ಬರುವ ಮೊದಲೇ ಯಾರೋ ಇದ್ದಾರೆ ಅಂತ ನಂಬಿಕೆ ಹುಟ್ಟಿಬಿಡುತ್ತದೆ.

ಈ ನಡುವೆ ಗಂಟೆಯ ಕಾಟ ತಡೆಯಲಾರದೆ ಸ್ವಾಗತದ ಮೇಜಿನವರು ಬಟ್ಟಲುಗಳ ನಡುವೆ ಹತ್ತಿ ತುರುಕಿದ್ದರು. ತಪ್ಪು ಅವರದಲ್ಲ. ದಿನವಿಡೀ ಅದನ್ನು ಕೇಳಿಸಿಕೊಳ್ಳುವವರು ಅವರೊಬ್ಬರೇ ಅನ್ನುವುದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ತಾಸಿಗೆ ಎಷ್ಟು ಸಲ ರಿಂಗಾಗಬೇಕು ಅನ್ನುವ ಗುಬುಟು ಅವರ ಮೇಜಿನ ಕೆಳಗಿದೆ. ಬೇಸರವಾದ ದಿನ ಅವರೇ ಹೆಚ್ಚು ಮಾಡುತ್ತಾರೆ ಅಂತ ಆಮೇಲೆ ತಿಳಿಯಿತು.

ಹೊಸತನದ ಬಗ್ಗೆ ಒಂದು ಎಚ್ಚರಿಕೆ. 2009ರಲ್ಲಿ ಸ್ಟಾಕ್‌ಹೋಮ್‌ನ ಓಡೆನ್‌ಪ್ಲಾನ್ ನಿಲ್ದಾಣದ ಮೆಟ್ಟಿಲುಗಳನ್ನು ಪಿಯಾನೋ ಮಾಡಿದ್ದನ್ನು ನೀವೆಲ್ಲ ವಿಡಿಯೋದಲ್ಲಿ ನೋಡಿರುತ್ತೀರಿ. ಮಾಮೂಲಿಗಿಂತ ಶೇ. 66ರಷ್ಟು ಹೆಚ್ಚು ಜನ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದರು ಅಂತ ಅದರಲ್ಲಿದೆ. ಆ ಸಂಖ್ಯೆ ಕೊಟ್ಟವರು ತಮ್ಮ ಜಾಹೀರಾತಿಗೆಂದು ಆ ಮೆಟ್ಟಿಲು ಮಾಡಿಸಿದ ಕಾರು ಕಂಪನಿಯವರೇ. ನನ್ನ ಪ್ರಶ್ನೆ ಬೇರೆ: ದಿನಾ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವವರು ಎರಡನೇ ತಿಂಗಳು ಏನು ಮಾಡುತ್ತಾರೆ? ಒಂದು ಮೆಟ್ಟಿಲಿಗೆ ಒಂದು ಸ್ವರ, ಮುಗಿಯಿತು. ಮಾಂಟ್ರಿಯಾಲ್‌ನಲ್ಲಿ 2011ರಲ್ಲಿ ಬಂದ ಇಪ್ಪತ್ತೊಂದು ಉಯ್ಯಾಲೆಗಳದ್ದು ಇನ್ನೂ ಆಳವಾದ ಯೋಚನೆ ಅನಿಸುತ್ತದೆ. ಅಲ್ಲಿಯೂ ಒಂದೊಂದು ಉಯ್ಯಾಲೆಗೆ ಒಂದೊಂದು ಸ್ವರ. ಆದರೆ ಪಕ್ಕದವರ ಲಯಕ್ಕೆ ಸೇರಿ ತೂಗಿದರೆ ಮಾತ್ರ ಹೊರಡುವ ರಾಗಗಳಿವೆ. ಪಕ್ಕದವರು ನಾಳೆ ಬೇರೆಯವರು, ಆಟ ಹಳತಾಗುವುದು ನಿಧಾನ. ಅಂಕ, ಪದಕ, ‘ನೀವು ಏಳನೇ ಸ್ಥಾನದಲ್ಲಿದ್ದೀರಿ’ ಇವುಗಳ ಬಗ್ಗೆ ಮಾತೇ ಬೇಡ. ಅದು ಕಚೇರಿಯನ್ನೇ ಆಟದ ಬಣ್ಣ ಬಳಿದು ವಾಪಸು ಕಳಿಸಿದ ಹಾಗೆ.

ದೊಡ್ಡವರ ಮೈಯನ್ನೂ ಮರೆಯಬೇಡಿ. ಒಂದು ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ, ಆದ್ದರಿಂದ ಒಂದೇ ಕೈಯಲ್ಲಿ ಆಡುವ ಹಾಗಿರಲಿ. ಮಂಡಿ ನೋವಿರುತ್ತದೆ. ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕಬೇಕು. ಮುಖ್ಯವಾಗಿ, ಮಧ್ಯದಲ್ಲಿ ಬಿಟ್ಟು ಹೋಗಲು ಮರ್ಯಾದೆಯ ದಾರಿ ಬೇಕು. ನಮ್ಮ ಫೋನಿನಲ್ಲಿ ಅದು ಸಲೀಸು, ಇಟ್ಟರೆ ಮುಗಿಯಿತು. ದನಿ ಅವರದು, ಹಾಗಾಗಿ ತೀರ್ಮಾನವೂ ಅವರದೇ. ಉತ್ತರ ಹೇಳಿದ ಮೇಲೆ ಡಯಲ್‌ನಲ್ಲಿ 1 ತಿರುಗಿಸಿದರೆ ಅದು ಉಳಿಯುತ್ತದೆ, ಬೇರೆಯವರಿಗೂ ಕೇಳಿಸಬಹುದು. ತಿರುಗಿಸದಿದ್ದರೆ ಆ ರಾತ್ರಿಯೇ ಅಳಿಯುತ್ತದೆ. ಹೀಗೆಂದು ಫೋನೇ ಹೇಳುತ್ತದೆ, ಸಣ್ಣ ಅಕ್ಷರದ ಕರಾರು ಪತ್ರವಿಲ್ಲ. ಡಯಲ್ ತಿರುಗಿಸಲು ಬೆರಳಿಗೆ ಬೀಳುವ ಆ ಚೂರು ಶ್ರಮವೇ ಸಹಿ.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ನೆಪ ಕೊಟ್ಟು ಆಡಿಸುವುದೆಂದರೆ ಜನರನ್ನು ಯಾಮಾರಿಸಿದಂತೆ ಆಗಲಿಲ್ಲವೇ, ಸರ್?’

ಆಗಬಹುದು. ರಿಂಗಾದ ಫೋನು ಎತ್ತಿದವರಿಗೆ ಏನನ್ನೋ ಮಾರಲು ಹೋದರೆ ಅದು ಯಾಮಾರಿಸಿದ್ದೇ. ಎತ್ತಿದ ಮೂರು ಸೆಕೆಂಡಿನಲ್ಲಿ ಇದು ಆಟ ಅಂತ ಗೊತ್ತಾಗಬೇಕು, ಗೊತ್ತಾದ ಮೇಲೂ ಅವರು ನಿಂತಿರಬೇಕು. ನಾನು ಲೆಕ್ಕ ಹಾಕುವುದು ಎತ್ತಿದವರನ್ನಲ್ಲ, ಎರಡನೇ ಸಲ ಎತ್ತಿದವರನ್ನು. ಅವರಿಗೆ ನೆಪ ಬೇಕಿರುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ: ‘ಉಳಿದಿರುವ ಉತ್ತರಗಳಲ್ಲಿ ನಿಮಗೆ ನೆನಪಿರುವುದು ಯಾವುದು?’

ಯಾರೋ ಒಂದು ಪ್ರಶ್ನೆ ಬಿಟ್ಟಿದ್ದರು: ‘ಬಸ್ಸು ಹಿಡಿಯಲಿಕ್ಕಲ್ಲದೆ, ಸುಮ್ಮನೆ, ನೀವು ಕೊನೆಯ ಸಲ ಓಡಿದ್ದು ಯಾವಾಗ?’ ಒಬ್ಬರು ಎತ್ತಿದರು, ಕೇಳಿಸಿಕೊಂಡರು. ರೆಕಾರ್ಡಿಂಗಿನಲ್ಲಿ ಹನ್ನೊಂದು ಸೆಕೆಂಡು ಮೌನ, ಆಮೇಲೆ ರಿಸೀವರ್ ಇಟ್ಟ ಸದ್ದು. ಉತ್ತರ ಬಾರದೆ ಇಟ್ಟರೆ ಅದೇ ಪ್ರಶ್ನೆ ಮುಂದಿನವರಿಗೂ ಬರುತ್ತದೆ. ಇಪ್ಪತ್ತು ನಿಮಿಷದ ಮೇಲೆ ಫೋನು ಮತ್ತೆ ಎತ್ತಲ್ಪಟ್ಟಿದೆ. ಅದೇ ಉಸಿರು, ಪ್ರಶ್ನೆ ಮುಗಿಯುವ ಮೊದಲೇ ‘ಹಾಂ, ನೆನಪಾಯಿತು’ ಅನ್ನುವ ದನಿ. ಮಳೆ ಬಂದಾಗ ಒಣಗಲು ಹಾಕಿದ ಬಟ್ಟೆ ತರಲು ಓಡಿದ್ದಂತೆ, ಬಟ್ಟೆ ತಂದ ಮೇಲೂ ನಿಲ್ಲದೆ ಅಂಗಳದಲ್ಲಿ ಇನ್ನೆರಡು ಸುತ್ತು ಓಡಿದ್ದಂತೆ. ಮಾತು ನಿಂತ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡಯಲ್‌ನಲ್ಲಿ 1 ತಿರುಗಿ, ಕಿರ್ ಎಂದು ವಾಪಸು ಬಂದ ಸದ್ದು.